ಯಾರದೋ ಸಮಾಧಿಗೆ ಅತ್ತೆಯ ಸುಣ್ಣ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಬದುಕಿನಲ್ಲಿ ಒಮ್ಮೆಯೂ ದಾರಿ ತಪ್ಪಿದವರಲ್ಲ. ಭಾಲ್ಕಿಗೆಂದು ಹೊರಟು ಹಲಬರ್ಗಾದಲ್ಲಿ ಇಳಿದರೆ ಅದು ಕಂಡಕ್ಟರನ ತಪ್ಪು. ಬೀದರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಬಂದವರು ಪಕ್ಕದ ಫಂಕ್ಷನ್ ಹಾಲ್ ಹೊಕ್ಕು, ಯಾರದೋ ನಿಕಾಹ್‌ನಲ್ಲಿ ಹೆಂಗಸರ ನಡುವೆ ಕುಳಿತು, ಬಿರಿಯಾನಿ ಉಂಡು, ನಮ್ಮ ಹುಡುಗಿಗೆ ತಂದ ಸ್ಟೀಲ್ ಡಬ್ಬಿಗಳನ್ನು ಆ ಹುಡುಗಿಗೆ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿ ಬಂದರು! ನಾವು ಇತ್ತ ಹುಡುಕಿ ಹುಡುಕಿ ಹೈರಾಣು. ಕೇಳಿದರೆ, ಆ ಹಾಲ್‌ನ ಬಾಗಿಲು ರಸ್ತೆಗೆ ಹತ್ತಿರವಿತ್ತಂತೆ. ಈಗಲೂ ರಮ್ಜಾನಿಗೆ ಆ ಮನೆಯಿಂದ ಅತ್ತೆಗೆ ಶೀರ್‌ಖುರ್ಮಾ ಬರುತ್ತದೆ. ನಮಗೆ ಬರುತ್ತದೆಯೇ? ಇಲ್ಲ.

ಇಂಥವರು ಔರಾದಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದರು. ಒಬ್ಬರ ಸೂಜಿ ಇನ್ನೊಬ್ಬರಿಗೆ ಒಮ್ಮೆಯೂ ಚುಚ್ಚಲಿಲ್ಲ. ಅದು ಹೇಗೆ ಸಾಧ್ಯವಾಯಿತೋ ನನಗಿನ್ನೂ ಅರ್ಥವಾಗಿಲ್ಲ.

ಆದರೆ ಅವರಿಗೆ ಈಸ್ಟರ್‌ಗೆ ರಜೆ ಸಿಗುತ್ತಿರಲಿಲ್ಲ. ನಮ್ಮ ಬಾಲ್ಯದ ಈಸ್ಟರ್ ಎಲ್ಲ ಭಾಲ್ಕಿಯಲ್ಲಿ. ಶನಿವಾರ ಅಪ್ಪನ ಜೊತೆ ಸ್ಮಶಾನಕ್ಕೆ ಹೋಗಿ ಅಜ್ಜಿಯ ಸಮಾಧಿಗೆ ಸುಣ್ಣ ಬಳಿಯುವುದು. ಸಮಾಧಿಗಿಂತ ಹೆಚ್ಚು ಸುಣ್ಣ ನಮ್ಮ ಮೈಗೇ. ಭಾನುವಾರ ನಸುಕಿನಲ್ಲಿ ಸಭೆಯವರೆಲ್ಲ ಅಲ್ಲೇ ಸೇರಿ ಹಾಡಿ, ತಮ್ಮ ತಮ್ಮವರ ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚುತ್ತಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸವೆಂದು ನಲವತ್ತು ದಿನ ಮಟನ್ ಬಿಟ್ಟ ಜನ ಕೊನೆಯ ಹಾಡನ್ನು ಎಷ್ಟು ಜೋರಾಗಿ ಓಡಿಸುತ್ತಿದ್ದರೆಂದು ಕೇಳಬೇಡಿ! ಮನೆ ಮುಟ್ಟುವಷ್ಟರಲ್ಲಿ ಔರಾದಿನಿಂದ ಫೋನು. ಅತ್ತೆಯದು ಒಂದೇ ಪ್ರಶ್ನೆ: "ಅವ್ವಗ ಹಚ್ಚಿದ್ರಿ?"

ಆಮೇಲೆ ನಾವು ಬೀದರಿಗೆ ಬಂದೆವು. ಅಪ್ಪ ತೀರಿಕೊಂಡರು, ಅವರ ಸಮಾಧಿ ಬೀದರಿನಲ್ಲಾಯಿತು. ನಸುಕು ಒಂದೇ, ಸ್ಮಶಾನ ಎರಡು. ಭಾಲ್ಕಿಗೆ ಹೋಗುವುದು ಮುಂದಿನ ವರ್ಷಕ್ಕೆ, ಮತ್ತೆ ಅದರ ಮುಂದಿನ ವರ್ಷಕ್ಕೆ ಬಿತ್ತು. ಅತ್ತೆಯ ಫೋನು ಮಾತ್ರ ತಪ್ಪಲಿಲ್ಲ. ಹಚ್ಚಿದೆವು ಎಂದು ನಾನು ಆರು ವರ್ಷ ಹೇಳಿದೆ.

ಈ ವರ್ಷ ನನಗೆ ಔರಾದಿನ ಶಾಲೆಗೆ ವರ್ಗವಾಯಿತು. ಪರೀಕ್ಷೆಯ ಕೆಲಸದಿಂದ ಹಬ್ಬಕ್ಕೆ ಮನೆಗೆ ಹೋಗಲಾಗಲಿಲ್ಲ. ನಿವೃತ್ತಿಯಾದರೂ ಮೊಣಕಾಲು ನೋವಿನಿಂದ ಅಲ್ಲೇ ಉಳಿದಿದ್ದ ಅತ್ತೆ ನಸುಕಿಗೇ ನನ್ನನ್ನು ಎಬ್ಬಿಸಿ ಸ್ಮಶಾನಕ್ಕೆ ಕರೆದೊಯ್ದರು. ಔರಾದಿನಲ್ಲಿ ನಮ್ಮವರು ಯಾರೂ ಸತ್ತಿಲ್ಲವಲ್ಲ! ನಾನು ಗೊಂದಲದಲ್ಲಿರುವಾಗಲೇ ಅತ್ತೆ ಹಿಂದಿನ ದಿನ ಸುಣ್ಣ ಹಚ್ಚಿದ್ದ ಒಂದು ಸಮಾಧಿಗೆ ಮಲ್ಲಿಗೆ ದಂಡೆ ಹಾಕಿ, ಬತ್ತಿ ಹಚ್ಚಿ, ಅವ್ವಾ ಎಂದು ಮಾತಿಗೆ ಕುಳಿತರು. ಯಾರದೆಂದು ಕೇಳಿದರೆ ಗೊತ್ತಿಲ್ಲವಂತೆ. ಅಕ್ಷರ ಸವೆದಿವೆ, ಯಾರೂ ಬರುವುದಿಲ್ಲ, ಹಾಗಾಗಿ ಎಷ್ಟೋ ವರ್ಷದಿಂದ ಇವರೇ ನೋಡಿಕೊಳ್ಳುತ್ತಿದ್ದಾರೆ.

ಈ ಸಲವೇ ಬರಬೇಕೇ ವಾರಸುದಾರರು? ಕಮಲನಗರದಿಂದ ಗಂಡ ಹೆಂಡತಿ ಹೂಮಾಲೆ ಹಿಡಿದು ಬಂದು, ಬೆಳ್ಳಗಿರುವ ಸಮಾಧಿಯನ್ನೂ ಎದುರಿಗೆ ಕುಳಿತ ಅತ್ತೆಯನ್ನೂ ನೋಡುತ್ತ ನಿಂತುಬಿಟ್ಟರು.

"ಇದು ನಮ್ಮ ಅಜ್ಜಾರದ್ರಿ," ಎಂದ ಆತ ಮೆಲ್ಲಗೆ.

ಹೆಂಡತಿ ಮರಾಠಿಯಲ್ಲಿ ಏನೋ ಪಿಸುಗುಟ್ಟಿದಳು. ಅಜ್ಜನಿಗೆ ಔರಾದಿನಲ್ಲೂ ಒಂದು ಸಂಸಾರವಿತ್ತೇ ಎಂಬ ಅನುಮಾನ ಆಕೆಯ ಮುಖದ ಮೇಲೇ ಇತ್ತು!

ಅತ್ತೆ ಎದ್ದರೇ? ಇಲ್ಲ. "ಅಜ್ಜಾರ ಇದ್ರೂ ಏನಾತ್ರಿ. ಇಷ್ಟು ವರ್ಷ ಮಲ್ಲಿಗಿ ಒಲ್ಲೆ ಅಂದಿಲ್ಲ," ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ನಮ್ಮವ್ವ ಭಾಲ್ಕ್ಯಾಗ ಅದಾಳ್ರಿ. ಅಲ್ಲಿ ನಮ್ಮ ಹುಡುಗರು ತಪ್ಪದ ಹಚ್ತಾರ. ಇಲ್ಲಿ ನನಗ ಕೈ ಸುಮ್ಮನಿರಂಗಿಲ್ಲ, ಅದಕ್ಕ," ಎಂದರು.

ಆ ಮನುಷ್ಯ ನನಗೆ ಕೈ ಮುಗಿದ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವರು ಹೋದ ಮೇಲೆ ಬಾಯಿಬಿಟ್ಟೆ: "ಅತ್ತಿ, ಆರು ವರ್ಷ ಆಯ್ತು. ಅಲ್ಲಿ ಯಾರೂ ಹೋಗಿಲ್ಲ."

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಉಳಿದ ಮೇಣದ ಬತ್ತಿಗಳ ಪೊಟ್ಟಣವನ್ನು ನನ್ನ ಕೈಗಿಟ್ಟು, ಭಾಲ್ಕಿಯ ಬಸ್ಸು ಈಗ ಬರುತ್ತದೆ ಎಂದರು.

ಭಾಲ್ಕಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಪ್ರಾರ್ಥನೆ ಮುಗಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಜಾಲಿ ಬೆಳೆದು, ಕಲ್ಲು ಕುಸಿದು, ಅಜ್ಜಿ ಯಾವ ಮೂಲೆಯಲ್ಲಿದ್ದಳೆಂಬುದೇ ತಿಳಿಯಲಿಲ್ಲ. ಚಿಕ್ಕವನಾಗಿದ್ದಾಗ ಕಣ್ಣು ಮುಚ್ಚಿಕೊಂಡೂ ಓಡಿ ಹೋಗುತ್ತಿದ್ದ ಜಾಗವದು! ಮೂರು ಸುತ್ತು ಹಾಕಿ ಕೊನೆಗೆ ಅತ್ತೆಗೆ ಫೋನು ಮಾಡಿದೆ. ಗುರುತು ಸಿಗುತ್ತಿಲ್ಲ ಎಂದೆ.



"ಮೇಣ ಬೀಳದ್ದು ಯಾವುದದ ನೋಡು," ಎಂದರು ಅತ್ತೆ. "ಅದೇ ನಮ್ಮವ್ವಂದು."

ಅಂಥವು ಏಳಿದ್ದವು. ಏಳಕ್ಕೂ ಹಚ್ಚಿದೆ. ಗಾಳಿಗೆ ಎರಡು ಆರಿದವು, ಮತ್ತೆ ಹಚ್ಚಿದೆ. ಅಜ್ಜಿ ಯಾವುದರಲ್ಲಿದ್ದಾಳೆಂದು ತಿಳಿಯದೆ, ಏಳರ ಮುಂದೆಯೂ ಒಂದೊಂದಾಗಿ ನಿಂತು ತಪ್ಪಾಯಿತೆಂದು ಹೇಳಿದೆ.