ನಿಲ್ದಾಣ ಬದಲಿಸುವ ತಾಲೀಮು

ಈ ಸಲದ ಪ್ರಯಾಣದಲ್ಲಿ ಒಂದೇ ಒಂದು ನಿಮಿಷವೂ ಪೋಲಾಗಕೂಡದು ಎಂದು ಟೈಮ್‌ಟೇಬಲ್ ಮೇಷ್ಟ್ರು ಊಟದ ಮೇಜಿನ ಮುಂದೆ ನಿಂತು ಘೋಷಿಸಿದರು. ಕೇಳಲು ಇದ್ದದ್ದು ಹೆಂಡತಿಯೊಬ್ಬಳೇ. ಆಕೆಯೂ ತಟ್ಟೆ ಒರೆಸುತ್ತಿದ್ದಳು.

ಮೇಷ್ಟ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹದಿನೆಂಟು ತರಗತಿ, ಇಪ್ಪತ್ತೇಳು ಶಿಕ್ಷಕರು, ಒಂದೇ ಒಂದು ಪ್ರಯೋಗಾಲಯ. ಇಷ್ಟನ್ನೂ ಎಲ್ಲೂ ಡಿಕ್ಕಿ ಹೊಡೆಯದಂತೆ ಒಂದು ಹಾಳೆಯೊಳಗೆ ಕೂರಿಸುವ ವಿದ್ಯೆ ಆ ಶಾಲೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅಂಥವರಿಗೆ ಎರಡು ವಿಮಾನಗಳನ್ನು ಜೋಡಿಸುವುದು ಯಾವ ಮಹಾ ಕೆಲಸ?

ಹೊರಟದ್ದು ಹೆಂಡತಿಯ ಅಕ್ಕನ ಊರಿಗೆ. ನೇರ ವಿಮಾನವಿಲ್ಲ. ನಡುವೆ ಸಿಗುವ ಮಹಾನಗರದಲ್ಲಿ ವಿಮಾನ ನಿಲ್ದಾಣಗಳು ಎರಡು, ಒಂದು ಊರಿನ ಆ ತುದಿಗೆ, ಇನ್ನೊಂದು ಈ ತುದಿಗೆ. ಇಳಿದ ನಿಲ್ದಾಣದಲ್ಲೇ ಕೂತರೆ ಮುಂದಿನ ವಿಮಾನಕ್ಕೆ ಒಂಬತ್ತು ಗಂಟೆ ಕಾಯಬೇಕು. ಪೆಟ್ಟಿಗೆ ಎಳೆದುಕೊಂಡು ಊರು ದಾಟಿ ಇನ್ನೊಂದು ನಿಲ್ದಾಣ ಸೇರಿದರೆ ನಾಲ್ಕೇ ಗಂಟೆಯಲ್ಲಿ ಹಾರಬಹುದು. ಗೆದ್ದರೆ ಐದು ಗಂಟೆ ಲಾಭ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಅದೂ ಇಲ್ಲ, ಇದೂ ಇಲ್ಲ.

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ದಿನಕ್ಕೆ ಅರವತ್ತು ಜನರ ನರ ಹುಡುಕಿ ಸೂಜಿ ಚುಚ್ಚುವವಳು. ಕೈ ಯಾವತ್ತೂ ಅಳುಕಿದ್ದಿಲ್ಲ. ಅಕ್ಕನನ್ನು ನೋಡಿ ಆರು ವರ್ಷವಾಗಿತ್ತು.

"ಯಾವುದಾದ್ರೂ ಒಂದು ತಗೊಂಡುಬಿಡ್ರೀ. ನಂಗೆ ಅಕ್ಕನ ಮುಖ ನೋಡಿದ್ರೆ ಸಾಕು" ಎಂದಳು.

ಹಾಗೆ ಕಣ್ಣುಮುಚ್ಚಿ ಬಾವಿಗೆ ಬೀಳುವ ಜಾತಿ ತನ್ನದಲ್ಲ ಎಂದು ಮೇಷ್ಟ್ರು ವಿವರಿಸಿದರು. ವಿವರಣೆ ಹತ್ತು ದಿನ ನಡೆಯಿತು. ಊಟದ ಮೇಜು ನಕ್ಷೆಗಳಡಿ ಮುಚ್ಚಿಹೋಗಿ ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಬಾಗಿಲಿಂದ ಟ್ಯಾಕ್ಸಿಗೆ ಇಷ್ಟು, ಸೇತುವೆಯ ಮೇಲೆ ಇಷ್ಟು, ತಪಾಸಣೆಯ ಸಾಲಿಗೆ ಇಷ್ಟು ಎಂದು ಬಣ್ಣಬಣ್ಣದ ಪೆನ್ಸಿಲಿನಲ್ಲಿ ನಿಮಿಷಗಳು ಕೂತವು. ಕೊನೆಗೆ ಒಂದೇ ಖಾನೆ ಖಾಲಿ ಉಳಿಯಿತು: ಪೆಟ್ಟಿಗೆ ಎಳೆಯುತ್ತಾ ಹೆಂಡತಿಯ ನಡಿಗೆಯ ವೇಗ.

ಇದನ್ನು ಊಹೆಗೆ ಬಿಡುವುದುಂಟೆ? ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಾಲೀಮು ನಿಗದಿಯಾಯಿತು. ದೊಡ್ಡ ಪೆಟ್ಟಿಗೆಗೆ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿ ಇಪ್ಪತ್ಮೂರು ಕಿಲೋ ತೂಗಿಸಿದರು. ಆಟದ ಮೇಷ್ಟ್ರಿಂದ ಸ್ಟಾಪ್‌ವಾಚ್ ಎರವಲು ಬಂತು. ಮೂರನೇ ಮಹಡಿಯ ಮನೆಯೇ ಮೊದಲ ನಿಲ್ದಾಣ, ಬೀದಿಯ ಕೊನೆಯ ಬಸ್ ಸ್ಟಾಪೇ ಎರಡನೆಯದು. ಎಲ್ಲವೂ ಕಾಣಲೆಂದು ಮೇಷ್ಟ್ರು ಬಾಲ್ಕನಿಯಲ್ಲಿ ನಿಂತರು.

ಇದಾದರೂ ಮುಗಿದರೆ ಟಿಕೆಟ್ ಕೈಗೆ ಬಂದೀತೆಂಬ ಆಸೆಯಿಂದ ಹೆಂಡತಿ ಒಪ್ಪಿದ್ದಳು. ಆದರೆ ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಕಾಲಬೆರಳ ಮೇಲೆ ಕೂತಾಗ ತಾಳ್ಮೆ ಜಾರಿತು. ಆರು ವರ್ಷದಿಂದ ಸಾಕಾಗಿದೆ, ಇವತ್ತು ಎರಡರಲ್ಲೊಂದು ಆಗಿಯೇ ಹೋಗಲಿ ಎಂದು ಕೂಗಿದಳು. ಮೇಲಿಂದ ಮೇಷ್ಟ್ರು, ಹಿಂದೆ ತಿರುಗಿ ನೋಡಬೇಡ, ಸುಮ್ಮನೆ ನಡಿ ಎಂದು ಕೂಗಿದರು.

ಎರಡನೇ ಮಹಡಿಯಲ್ಲಿದ್ದವರು ಒಬ್ಬ ನಿವೃತ್ತ ನರ್ಸಮ್ಮ. ಕಟ್ಟಡದಲ್ಲಿ ಅವರನ್ನು ರೇಡಿಯೋ ಎನ್ನುತ್ತಿದ್ದರು. ಅವರ ಬಾಗಿಲು ಎರಡು ಬೆರಳಷ್ಟು ತೆರೆಯಿತು.

ಬೀದಿಯ ಅರ್ಧದಲ್ಲಿ ಪೆಟ್ಟಿಗೆಯ ಒಂದು ಚಕ್ರ ಕಿತ್ತು ಉರುಳಿಹೋಯಿತು. ಬಸ್ ಸ್ಟಾಪ್ ಸೇರುವ ಮುನ್ನವೇ ಜಿಪ್ಪೂ ಬಾಯಿಬಿಟ್ಟು ಒಂಬತ್ತನೇ ತರಗತಿಯವರು ಬರೆದ ಉತ್ತರಗಳೆಲ್ಲ ರಸ್ತೆಯುದ್ದಕ್ಕೂ ಹಾರಾಡತೊಡಗಿದವು. ಆಕೆ ಪೆಟ್ಟಿಗೆಯ ಮೇಲೆ ಕುಸಿದು ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ದೂರದಿಂದ ಅದು ಕಣ್ಣೀರಿನಂತೆಯೇ ಕಾಣುತ್ತಿತ್ತು. ರೇಡಿಯೋ ನೀರಿನ ಲೋಟ ಹಿಡಿದು ಓಡಿಬಂದರು.

"ಎಲ್ಲಿಗಮ್ಮ ಹೊರಟೆ?"

ಏದುಸಿರಿನಲ್ಲಿ ಉದ್ದ ಮಾತು ಹೊರಡಲಿಲ್ಲ. "ಅಕ್ಕನ ಮನೆಗೆ."

"ಯಜಮಾನರು?"

"ಅವರದಿನ್ನೂ ತೀರ್ಮಾನ ಆಗಿಲ್ಲ."

ಅಷ್ಟರಲ್ಲಿ ಬಾಲ್ಕನಿಯಿಂದ ಮೇಷ್ಟ್ರ ದನಿ ಬೀದಿಗೆಲ್ಲ ಕೇಳಿಸಿತು. ಹದಿಮೂರು ನಿಮಿಷವಾಯಿತು, ಇನ್ನೂ ಯಾಕೆ ಹೋಗಿಲ್ಲ ಎಂದು ಅವರು ಕೇಳುತ್ತಿದ್ದರು. ರೇಡಿಯೋ ಎದೆ ಹಿಡಿದುಕೊಂಡರು.

ಮಧ್ಯಾಹ್ನ ಹೆಂಡತಿ ಉಳುಕಿದ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. ಗಂಟಲು ಸರಿಪಡಿಸಿಕೊಂಡು, ವಿಷಯ ಎಲ್ಲ ಕಿವಿಗೆ ಬಿದ್ದಿದೆ ಎಂದರು. ತನ್ನ ಯೋಜನೆಯ ಖ್ಯಾತಿ ಇಷ್ಟು ಬೇಗ ಹಬ್ಬಿದ್ದಕ್ಕೆ ಮೇಷ್ಟ್ರಿಗೆ ಖುಷಿಯಾಗಿ ಕುರ್ಚಿ ಎಳೆದು ಕೂರಿಸಿದರು.

"ಇಷ್ಟು ವರ್ಷ ಆದ್ಮೇಲೆ ಬದಲಾವಣೆ ಯಾಕೆ ಸಾರ್? ಇರೋದರಲ್ಲೇ ಹೊಂದ್ಕೊಂಡು ಹೋಗಬಾರದಾ?"

"ಒಂದರ ಜೊತೇಲೇ ಒಂಬತ್ತು ಗಂಟೆ ಕೂತಿರೋಕೆ ಯಾರ ಕೈಲಾಗುತ್ತೆ ಹೇಳಿ. ಇನ್ನೊಂದು ಹೊಸದು. ಚಿಕ್ಕದಾದ್ರೂ ಚೊಕ್ಕವಾಗಿದೆ."

ಕಾರ್ಯದರ್ಶಿಗಳ ಮುಖ ಬಿಳಿಚಿತು. "ಮನೆಯವರಿಗೆ ಗೊತ್ತಾ?"

"ಗೊತ್ತು. ಯಾವುದಾದ್ರೂ ಸರಿ, ಬೇಗ ಒಂದು ಮಾಡ್ಕೊಳ್ಳಿ ಅಂದಿದ್ದಾಳೆ."

ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಕಾರ್ಯದರ್ಶಿ ಎದ್ದು ಹೋದರು. ಮೆಟ್ಟಿಲಿಳಿಯುವಾಗ ಅವರು ತಲೆ ಚಚ್ಚಿಕೊಂಡದ್ದು ವಿಮಾನ ನಿಲ್ದಾಣಗಳ ಅವ್ಯವಸ್ಥೆಯನ್ನು ನೆನೆದಿರಬೇಕು ಎಂದು ಮೇಷ್ಟ್ರು ಭಾವಿಸಿದರು.

ಮಂಗಳವಾರ ಸಂಜೆ ಮೇಷ್ಟ್ರ ತೀರ್ಮಾನ ಹೊರಬಿತ್ತು: ನಿಲ್ದಾಣ ಬದಲಿಸುವುದೇ ಸರಿ, ಕೈಯಲ್ಲಿ ಇಪ್ಪತ್ತೆರಡು ನಿಮಿಷ ಉಳಿಯುತ್ತದೆ. ಗಂಭೀರವಾಗಿ ಕಂಪ್ಯೂಟರ್ ತೆರೆದರು. ನಾಲ್ಕು ಗಂಟೆ ಕಾದು ಹತ್ತುವ ವಿಮಾನದ ಸೀಟುಗಳು ಭರ್ತಿ. ಸರಿ, ಒಂಬತ್ತು ಗಂಟೆ ಕಾಯುವುದನ್ನೇ ತೆಗೆಯೋಣವೆಂದರೆ ಅದೂ ಭರ್ತಿ. ಹಿಂದಿನ ದಿನ, ಮರುದಿನ ಎಲ್ಲ ಹುಡುಕಿದರು. ರಜೆ ಶುರುವಾಗುವ ಆ ವಾರದಲ್ಲಿ ಲೋಕದ ಜನವೆಲ್ಲ ಯೋಚನೆಯನ್ನೇ ಮಾಡದೆ ಟಿಕೆಟ್ ಕೊಂಡು ಕೂತಿದ್ದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಉತ್ತರಿಸಲು ಮೇಷ್ಟ್ರ ಬಳಿ ನಕ್ಷೆಗಳಿದ್ದವು. ಆಕೆ ಸುಮ್ಮನೆ ಎದ್ದು ಹೋಗಿ, ಅಕ್ಕನಿಗೆಂದು ನೇಯ್ದಿಟ್ಟಿದ್ದ ನೀಲಿ ಸ್ವೆಟರನ್ನು ಬೀರುವಿನ ಮೇಲಿನ ಅರೆಗೆ ಎತ್ತಿಟ್ಟಳು. ಅದನ್ನು ಕಂಡು ಮೇಷ್ಟ್ರು ನಕ್ಷೆಗಳನ್ನು ಮಡಚಿದರು. ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದರು.

ಬುಧವಾರ ಬೆಳಿಗ್ಗೆ ಬಾಗಿಲ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ತೆರೆದರೆ ಹೆಂಡತಿಯ ಅಕ್ಕ, ಹೆಗಲಲ್ಲೊಂದು ಬಟ್ಟೆಚೀಲ, ಹಿಂದೆ ಮೆಟ್ಟಿಲ ಮೇಲೆ ರೇಡಿಯೋ. ಆರು ವರ್ಷದ ಹಿಂದೆ ಬಂದಾಗ ಅಕ್ಕನಿಗೂ ರೇಡಿಯೋಗೂ ಆದ ಸ್ನೇಹ, ದಿನಾ ಬೆಳಿಗ್ಗೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸಿಕೊಳ್ಳುವ ಮಟ್ಟಿಗೆ ಬೆಳೆದಿತ್ತು. ಕೇಳಿದರೆ ನಿಮ್ಮ ತಂಗಿ ಮುಚ್ಚಿಡುತ್ತಾಳೆ, ನೇರ ಬಂದುಬಿಡಿ ಎಂದು ರೇಡಿಯೋ, ಕಾರ್ಯದರ್ಶಿಯಿಂದ ಕೇಳಿದ್ದನ್ನೂ ಸೇರಿಸಿ, ಸುದ್ದಿ ಮುಟ್ಟಿಸಿದ್ದರು. ಅಕ್ಕ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿ ಆ ಚಿಕ್ಕದು ಚೊಕ್ಕದು?" ಎಂದರು.

ವಿಷಯ ಬಿಡಿಸಿ ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ತಂಗಿ ಇಬ್ಬರೂ ಸೋಫಾದ ಮೇಲೆ ಒಬ್ಬರಿಗೊಬ್ಬರು ಒರಗಿ ನಗುತ್ತಾ ನಗುತ್ತಾ ಅಳತೊಡಗಿದರು. ನೀಲಿ ಸ್ವೆಟರು ಕೆಳಗಿಳಿದು ಬಂತು. ತೋಳು ಕೊಂಚ ಗಿಡ್ಡವಾಗಿತ್ತು. ಅಕ್ಕ ಅದನ್ನು ಬಿಚ್ಚಲೇ ಇಲ್ಲ.

ಮೇಷ್ಟ್ರಿಗೆ ಮಾತ್ರ ಒಂದು ಪ್ರಶ್ನೆ ನಾಲಗೆ ತುದಿಯಲ್ಲಿ ಕುಣಿಯುತ್ತಿತ್ತು. ಬಂದದ್ದು ಯಾವ ದಾರಿಯಲ್ಲಿ ಎಂದು ಮೆಲ್ಲಗೆ ಕೇಳಿದರು.

"ಯಾವುದೋ ಒಂದು ನಿಲ್ದಾಣದಲ್ಲಿ ಇಳಿದೆ. ಮುಂದಿನ ವಿಮಾನ ಇಲ್ಲಲ್ಲ, ಊರಾಚೆ ಇನ್ನೊಂದರಲ್ಲಿ ಅಂದ್ರು. ಹೊರಗೆ ಬಸ್ ನಿಂತಿತ್ತು, ಹತ್ತಿದೆ. ನಿದ್ದೆ ಬಂದುಬಿಡ್ತು. ಡ್ರೈವರ್ ಎಬ್ಬಿಸಿ ಇಳಿಸಿದ."

"ಎಷ್ಟು ನಿಮಿಷ ಹಿಡೀತು ಅಕ್ಕ?"

"ನಿದ್ದೆ ಮಾಡ್ದೋಳಿಗೆ ನಿಮಿಷ ಹೇಗೆ ಗೊತ್ತಾಗುತ್ತೆ?"

ಅಕ್ಕ ಎಂಟು ದಿನ ಇದ್ದರು. ರಜೆ ಶುರುವಿನ ನೂಕುನುಗ್ಗಲು ಕಳೆದು ಸೀಟು ಸಿಗುವಂತಿದ್ದ ಒಂಬತ್ತನೆಯ ದಿನದ ವಾಪಸ್ ಟಿಕೆಟ್ಟನ್ನು ಫೋನಿನಲ್ಲೇ, ತರಕಾರಿ ಹೆಚ್ಚುವುದರ ನಡುವೆ, ಎರಡು ಬೆರಳಲ್ಲಿ ತೆಗೆದುಬಿಟ್ಟರು. ಪರದೆ ಇಣುಕಿದ ಮೇಷ್ಟ್ರಿಗೆ ಹೆಸರುಗಳು ಎರಡು ಕಂಡವು: ಅಕ್ಕನದೊಂದು, ತಂಗಿಯದೊಂದು.

"ನನಗೆ?" ಎಂದರು ಮೇಷ್ಟ್ರು.

ಅಕ್ಕ ಮತ್ತೆ ತರಕಾರಿಗೆ ಕೈ ಹಾಕಿದರು. "ನಿಮಗೂ ತೆಗೀತಿದ್ದೆ. ಆದ್ರೆ ಕಿಟಕಿ ಪಕ್ಕದ ಸೀಟಾ, ದಾರಿ ಪಕ್ಕದ ಸೀಟಾ ಅಂತ ಕೇಳ್ತಾ ಇತ್ತು. ಅದನ್ನ ನಿಮ್ಮ ಹತ್ರ ಕೇಳೋಕೆ ಭಯ ಆಯ್ತು."