ಮಾಸ್ತರ ಕಾರಿಗೆ ಮೂರು ಪದರ ಮೇಣ

ಹೆದರುವವನನ್ನೇ ಹುಡುಕಿಕೊಂಡು ಹೆದರಿಕೆಯ ಕೆಲಸ ಬರುತ್ತದೆ. ಬೇಕಾದರೆ ನನ್ನನ್ನೇ ನೋಡಿ. ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡಿದೆ. ಕಾರು ತೊಳೆದು, ಉಜ್ಜಿ, ಪಾಲಿಶ್ ಮಾಡಿ ಕೊಡುತ್ತೇನೆ. ಹದಿನೆಂಟು ವರ್ಷವಾಯಿತು, ಇವತ್ತಿಗೂ ಪರರ ಕಾರು ಒಳಗೆ ಬಂತೆಂದರೆ ಅಂಗೈ ಬೆವರುತ್ತದೆ. ಗೀರು ಬಿದ್ದೀತೆಂದು ಕೈಗೆ ವಾಚು ಕಟ್ಟುವುದಿಲ್ಲ. ಬೆಲ್ಟಿನ ಬಕಲ್ ತಾಗೀತೆಂದು ಪ್ಯಾಂಟಿಗೆ ಲಾಡಿ ಹಾಕಿಸಿಕೊಂಡಿದ್ದೇನೆ.

ನನ್ನ ಹೆಂಡತಿ ದಾಸನಕೊಪ್ಪದ ಕಡೆಯವಳು. ಅವಳಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿಲ್ಲ. "ಅದು ಕಾರು ಐತ್ರೀ, ಹುಲಿ ಅಲ್ಲ. ಕಚ್ಚಂಗಿಲ್ಲ, ಕಡಿಯಂಗಿಲ್ಲ" ಎನ್ನುತ್ತಾಳೆ. ಹೋದ ವರ್ಷದವರೆಗೆ ನಾನೂ ಹಾಗೇ ನಂಬಿದ್ದೆ.

ಅರ್ಧ ವಾಕ್ಯ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನೆದುರು ಕರಿ ಬಣ್ಣದ ಹಳೆಯ ಅಂಬಾಸಿಡರ್ ಬಂದು ನಿಂತಿತು. ಬಾಗಿಲು ತೆಗೆದು ಇಳಿದವರನ್ನು ನೋಡಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದೆ. ಹೆಗ್ಗರಣೆ ಕಡೆಯ ನಮ್ಮ ಹೆಡ್‌ಮಾಸ್ತರು! ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಅದು ಅವರಿಗೆ ಗೊತ್ತು, ನನ್ನ ಮೊಣಕಾಲಿಗೆ ಗೊತ್ತಿಲ್ಲ.

ನಮ್ಮ ಮಾಸ್ತರು ಯಾರಿಗೂ ಹೊಡೆದವರಲ್ಲ. ಅವರ ಅಸ್ತ್ರವೇ ಬೇರೆ. "ನಾಳೆ ಲೆಕ್ಕ ಮಾಡಿಕೊಂಡು ಬರದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ ಹೊರಟುಬಿಡುತ್ತಿದ್ದರು. ಬರದಿದ್ದರೆ ಏನಾಗುತ್ತದೆ? ಯಾರಿಗೂ ತಿಳಿಯದು. ಆ ಉಳಿದರ್ಧ ವಾಕ್ಯಕ್ಕೆ ಹೆದರಿಯೇ ನಮ್ಮ ಊರಿನ ಮೂರು ತಲೆಮಾರು ಮಗ್ಗಿ ಕಲಿತದ್ದು.

"ಇದು ಅಪ್ಪಯ್ಯ ತಗಂಡ ಕಾರು. ಅವತ್ತಿಂದ ಇವತ್ತಿನವರೆಗೆ ಬೇರೆ ಬಣ್ಣ ಬಳಿಸಿದ್ದಿಲ್ಲೆ" ಎಂದರು ಮಾಸ್ತರು. ಇನ್ನು ಹದಿನೈದು ದಿನಕ್ಕೆ ಶಿರಸಿಯಲ್ಲಿ ಹಳೆ ಕಾರುಗಳ ಪ್ರದರ್ಶನವಿತ್ತು. ಅದರಲ್ಲಿ ಮೂಲ ಬಣ್ಣದ ಕಾರುಗಳಿಗೆಂದೇ ಒಂದು ಬಹುಮಾನ. ಹಳೆಯ ಬಣ್ಣ ಒಮ್ಮೆ ಹೋದರೆ ಹೋಯಿತು. ಮತ್ತೆ ಬಳಿಸಬಹುದು, ಆದರೆ ಅದು ಅವರ ಅಪ್ಪಯ್ಯ ಮುಟ್ಟಿದ ಬಣ್ಣ ಆಗುವುದಿಲ್ಲ.

ಮಾಸ್ತರಿಗೆ ಗಂಭೀರ ವಿಷಯ ಬಂದರೆ ಪುಸ್ತಕದ ಕನ್ನಡ ಬರುತ್ತದೆ. ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಈ ಬಣ್ಣಕ್ಕೆ ಏನಾದರೂ ಆದರೆ..." ಎಂದರು.

ಅಲ್ಲಿಗೇ ನಿಲ್ಲಿಸಿದರು. ಕನ್ನಡಕದ ಮೇಲಿಂದ ನೋಡಿದರು.

ನಲವತ್ತೆರಡು ವರ್ಷದ ನಾನು "ಆಯ್ತು ಸರ್" ಎಂದು ಪಟ್ಟನೆ ಕೈ ಕಟ್ಟಿ ನಿಂತೆ. ಕೈ ಕಟ್ಟಿದ ರಭಸಕ್ಕೆ ಕೀಲಿಕೈ ಹಾರಿ ಬಾನೆಟ್ಟಿಗೆ ಒಂದೇ ಗೇಣು ಈಚೆ ಬಿತ್ತು.

ಕುರ್ಚಿ

ಮೇಣ ಹಚ್ಚುವುದರಲ್ಲಿ ಒಂದು ಕ್ರಮವಿದೆ. ಮೊದಲು ಬಾಟಲಿಯಲ್ಲಿ ಬರುವ ಕಂಪನಿ ಮೇಣ. ಅದು ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಇಡೀ ದಿನ ಅದು ಕೂರಬೇಕು. ಅದರ ಮೇಲೆ ಡಬ್ಬಿಯ ಗಟ್ಟಿ ಮೇಣ, ಯಾವುದೋ ದೇಶದ ತಾಳೆಗರಿಯಿಂದ ತೆಗೆದದ್ದು. ಅದನ್ನು ಹಚ್ಚಿದರೆ ಕರಿ ಬಣ್ಣ ಬಾವಿಯ ನೀರಿನಷ್ಟು ಆಳವಾಗಿ ಕಾಣುತ್ತದೆ. ಕ್ರಮ ತಪ್ಪಿದರೆ ಮೇಲಿನದು ನಿಲ್ಲುವುದಿಲ್ಲ, ಕೆಳಗಿನದು ಒಣಗುವ ಮೊದಲೇ ಅವಸರ ಮಾಡಿದರೆ ಎರಡೂ ಕಲಸಿ ಬೂದು ಕಲೆಯಾಗುತ್ತದೆ. ನಮ್ಮೂರಿನ ಇಬ್ಬನಿಗೆ ಯಾವುದೂ ಬೇಗ ಒಣಗುವುದಿಲ್ಲ ಬೇರೆ.

ಇಷ್ಟನ್ನು ಮಾಸ್ತರಿಗೆ ವಿವರಿಸಿದ್ದೇ ತಪ್ಪಾಯಿತು. "ಹಂಗಾದ್ರೆ ಆನು ನೋಡ್ಕಂಡೇ ಇರ್ತೆ" ಎಂದು ಮರುದಿನ ಮೊದಲ ಬಸ್ಸಿಗೇ ಬಂದು, ಶೆಡ್ಡಿನೊಳಗೆ ಕುರ್ಚಿ ಹಾಕಿ ಕೂತರು. ನನ್ನ ಬೆನ್ನಿಗೆ ಅವರ ಕಣ್ಣು ತಾಗುವುದು ಗೊತ್ತಾಗುತ್ತಿತ್ತು. ಹೆದರಿಕೆಯಲ್ಲಿ ಹಚ್ಚಿದ ಬಾಗಿಲಿಗೇ ಮತ್ತೆ ಹಚ್ಚಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಚೆ ಬದಿಗೆ ಹೋದರೆ ಅವರಿಗೆ ಎದುರಾಗಿ ನಿಲ್ಲಬೇಕು. ಆ ಧೈರ್ಯ ಬರಲಿಲ್ಲ.

ಸಂಜೆ ಮಾಸ್ತರು ಎದ್ದು ಕಾರಿಗೊಂದು ಸುತ್ತು ಬಂದರು. ಒಂದು ಬದಿ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಬದಿಗೆ ಬಟ್ಟೆಯೇ ತಾಗಿರಲಿಲ್ಲ.

"ಎಡಗಡೆ ಪಾಸು" ಎಂದರು. "ಬಲಗಡೆ ಮುಂದಿನ ಸೋಮವಾರ ಅಪ್ಪನ್ನ ಕರ್ಕಂಡು ಬರ್ಲಿ."

ಗೀರು

ಎರಡನೇ ಪದರ ಹಚ್ಚಿ ಮುಗಿದ ಮರುದಿನ ಮಾಸ್ತರು ಬಂದಿರಲಿಲ್ಲ. ಆರಾಮಾಗಿ ಚಾ ಕುಡಿಯುತ್ತ ಬಾನೆಟ್ ನೋಡುತ್ತೇನೆ, ಸರಿ ನಡುವಿನಲ್ಲಿ ಒಂದು ಗೀರು! ಬೆರಳುದ್ದ. ಚಾ ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ, ಸಂಜೆ ಅದು ಸಿಕ್ಕಿದ್ದು ನನ್ನ ಚಪ್ಪಲಿಯ ಮೇಲೆ.

ಗೀರನ್ನು ಮುಟ್ಟಿ ನೋಡುವ ಧೈರ್ಯ ಆಗಲಿಲ್ಲ. ಅದರ ಮೇಲೊಂದು ಮೆತ್ತನೆಯ ಬಟ್ಟೆ ಹೊದೆಸಿದೆ. ಎರಡು ದಿನ ಅದನ್ನು ತೆಗೆಯಲಿಲ್ಲ. ಮಾಸ್ತರು ಬಂದು ಕೂತರೆ ಬಟ್ಟೆಯ ಮುಂದೆಯೇ ನಿಂತು ಕೆಲಸ ಮಾಡಿದೆ. ಹೆಂಡತಿ "ಹೇಳಿ ಕೈತೊಳ್ಕೊಳ್ರಿ. ಬೈದ್ರ ಬೈತಾರ, ನುಂಗಂತೂ ನುಂಗಂಗಿಲ್ಲ" ಎಂದಳು. ನುಂಗುವುದಿಲ್ಲ ಎಂಬ ಖಾತ್ರಿ ಅವಳಿಗೆಲ್ಲಿಂದ ಬಂತೋ.

ಮೂರನೇ ದಿನ ಕೈ ಕಟ್ಟಿ ನಿಂತು, "ಸರ್, ತಪ್ಪಾಗಿದೆ" ಎಂದು ಬಟ್ಟೆ ಸರಿಸಿದೆ. ಕಣ್ಣು ಮುಚ್ಚಿಕೊಂಡೆ.

ಮಾಸ್ತರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಎರಡು ಬೆರಳಲ್ಲಿ ಗೀರನ್ನು ಹಿಡಿದು, ಮೇಲೆತ್ತಿ, ಬೆಳಕಿಗೆ ಹಿಡಿದರು. ಕೂದಲು.

"ನಿನ್ನ ತಲೆ ಮೇಲೆ ಉಳಿದಿದ್ದೇ ನಾಲ್ಕು" ಎಂದರು. "ಅದ್ರಲ್ಲೂ ಒಂದು ದಾನ ಮಾಡಿದ್ಯಲಾ."

ಮೇಣದ ಉಂಡೆ

ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಇಬ್ಬನಿ ಹಿಡಿದು ಕಾರು ಸ್ವಲ್ಪ ಮಂಕಾಗಿ ಕಾಣತೊಡಗಿತು. ಬೇರೆ ಯಾರಿಗೂ ಕಾಣದು, ನನಗೆ ಕಂಡಿತು. ನನಗೆ ಕಂಡದ್ದು ಮಾಸ್ತರಿಗೆ ಕಾಣದೆ ಇರುತ್ತದೆಯೇ? ಡಬ್ಬಿಯ ಮೇಣ ಖಾಲಿಯಾಗಿತ್ತು, ಹೊಸದು ತರಿಸಲು ದಿನವಿರಲಿಲ್ಲ.

ಆಗ ಜೇನುಮೇಣದ ನೆನಪಾಯಿತು. ಹಿಂದಿನವರು ಮರದ ಸಾಮಾನಿಗೆಲ್ಲ ಅದನ್ನೇ ತಿಕ್ಕುತ್ತಿದ್ದರು, ಒಂದು ತೆಳು ಪದರ ಹಚ್ಚಿದರೆ ಏನಾದೀತು? ನಮ್ಮ ಪಕ್ಕದ ಮನೆಯ ಹೆಗಡೇರು ಹಿತ್ತಿಲಲ್ಲಿ ಜೇನುಪೆಟ್ಟಿಗೆ ಇಟ್ಟವರು. ಹೋಗಿ, "ಸ್ವಲ್ಪ ಜೇನುಮೇಣ ಬೇಕಿತ್ತು" ಎಂದೆ.

"ಎಂತಕ್ಕೆ?" ಎಂದರು.

ಕಾರಿಗೆ ಎನ್ನಲು ಬಾಯಿ ಬರಲಿಲ್ಲ. ಇವರು ಯಾರಿಗಾದರೂ ಹೇಳಿ, ಅದು ಹೆಗ್ಗರಣೆಗೆ ಮುಟ್ಟಿ, ಅವರ ಅಪ್ಪಯ್ಯನ ಬಣ್ಣದ ಮೇಲೆ ಮನೆಮದ್ದು ಹಚ್ಚಿದ್ದೇನೆ ಎಂದು ಮಾಸ್ತರಿಗೆ ತಿಳಿದರೆ? "ಹೀಗೇ... ಒಂದು ನೋಡುವಾ ಅಂತ" ಎಂದೆ.

ಹೆಗಡೇರು ನಕ್ಕು, ಒಳಗಿಂದ ಕಂದು ಬಣ್ಣದ ದೊಡ್ಡ ಉಂಡೆ ತಂದುಕೊಟ್ಟರು. "ಈಗ ಸರಿಯಾದ ಕಾಲ. ಚೊಲೋ ಮಾಡಿ ತಿಕ್ಕು, ಒಳಗೂ ತಿಕ್ಕು. ಬಂದ್ಮೇಲೆ ನಂಗೂ ಒಂದು ಬಾಟ್ಲಿ ಕೊಡು" ಎಂದರು. ಏನು ಬಂದ ಮೇಲೆ, ಯಾವ ಬಾಟಲಿ ಎಂದು ಕೇಳಬೇಕಿತ್ತು. ಕೇಳಿದರೆ ಅವರೂ ತಿರುಗಿ ಕೇಳುತ್ತಾರಲ್ಲ ಎಂದು ತಲೆಯಾಡಿಸಿ ಬಂದೆ.

ಮೇಣ ಮೆದುವಾಗಲೆಂದು ಟರ್ಪೆಂಟೈನ್ ಸೇರಿಸಿದರೆ ಕೆಳಗಿನ ಎರಡು ಪದರವನ್ನೂ ಅದು ತಿಂದುಬಿಡುತ್ತದೆ. ಅದಕ್ಕೆ ಹೆದರಿ, ಹೆಂಡತಿ ಹಿಮ್ಮಡಿಗೆ ಹಚ್ಚುವ ಮುರುಗಲು ಬೀಜದ ತುಪ್ಪ ಕದ್ದು ತಂದು, ಎರಡನ್ನೂ ಬಿಸಿಮಾಡಿ ಮೆದು ಮಾಡಿದೆ. ಹೊರಗೆ ತೆಳ್ಳಗೆ ಹಚ್ಚಿ ಒರೆಸಿದೆ. ಹೆಗಡೇರು ಹೇಳಿದ್ದಾರಲ್ಲ ಎಂದು ಒಳಗೂ, ಬಾಗಿಲ ಅಂಚಿಗೂ ಡ್ಯಾಶ್‌ಬೋರ್ಡಿಗೂ ತಿಕ್ಕಿದೆ. ಕಾರು ಆಗ ತಾನೇ ಸ್ನಾನ ಮಾಡಿ ಬಂದ ಹಾಗೆ ಕಂಡಿತು. ಒಂದೆರಡು ಜೇನುನೊಣ ಬಂದು ಸುತ್ತಿ ನೋಡಿ ಹೋದವು. ಬಟ್ಟೆ ಬೀಸಿ ಓಡಿಸಿದೆ.

ಹೆಂಡತಿ ಮಾತ್ರ ಖಾಲಿ ಭರಣಿ ಹಿಡಿದುಕೊಂಡು ಬಂದು ಕಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ಯಾಕ್ರೀ, ಇದರ ಹಿಮ್ಮಡನೂ ಒಡದಿದ್ವೇನು?"

ಪೂಜೆ

ಪ್ರದರ್ಶನದ ದಿನ ಬೆಳಿಗ್ಗೆ ಮಾಸ್ತರು ಭಟ್ಟರನ್ನು ಕರೆದುಕೊಂಡೇ ಶೆಡ್ಡಿಗೆ ಬಂದರು. ಭಟ್ಟರ ಕೈಯಲ್ಲಿ ಅರಿಶಿನ, ಕುಂಕುಮ, ಅರೆದ ಗಂಧ. ಗಾಡಿ ಪೂಜೆಯೆಂದರೆ ಬಾನೆಟ್ ಮೇಲೆ ಐದು ಬೆರಳಲ್ಲಿ ಎಳೆದುಬಿಡುವುದು ಪದ್ಧತಿ.

"ಭಟ್ಟರೇ, ಬಾನೆಟ್ ಬೇಡ" ಎಂದು ಅಡ್ಡ ನಿಂತೆ.

"ಹಂಗಾದ್ರೆ ಬಾಗ್ಲಿಗೆ?"

"ಬಾಗಿಲಿಗೆ ಮೂರು ಪದರ..." ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಮಾಸ್ತರ ಲೆಕ್ಕದಲ್ಲಿ ಇರುವುದು ಎರಡೇ. "ಬಾಗಿಲೂ ಬೇಡ. ಗಾಜೂ ಒರೆಸಿದ್ದೇನೆ."

ಭಟ್ಟರಿಗೆ ಇನ್ನೂ ಎರಡು ಕಡೆ ಪೂಜೆಯಿತ್ತು, ಹೊತ್ತಾಗುತ್ತಿತ್ತು. "ಎಲ್ಲಾದ್ರೂ ಒಂದು ಕಡೆ ಹಚ್ಚವಲ ಮಾರಾಯ" ಎನ್ನುತ್ತ ಎದುರಿಗಿದ್ದ ನನ್ನ ಹಣೆಗೇ ಗಂಧ ಎಳೆದರು. ಕುಂಕುಮ ಇಟ್ಟರು. ಹಾರದ ದಾರ ಬಣ್ಣಕ್ಕೆ ತಾಗೀತೆಂದು ನಾನು ಕೈ ಚಾಚಿದ್ದಕ್ಕೆ, ಹಾರವನ್ನೂ ನನ್ನ ಕೊರಳಿಗೇ ಹಾಕಿ ಮಂಗಳಾರತಿ ಎತ್ತಿದರು. ಕಾರಿನ ಪಾಲಿಗೆ ಬಂದದ್ದು ಟೈರಿನಡಿಯ ನಿಂಬೆಹಣ್ಣು ಮಾತ್ರ.

ಉಳಿದರ್ಧ

ಮೈದಾನದಲ್ಲಿ ಹಳೆ ಕಾರುಗಳು ಸಾಲಾಗಿ ನಿಂತಿದ್ದವು. ಜನವೋ ಜನ. ನಮ್ಮೂರಿನವರಿಗೆ ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಲೇಬೇಕು. ಬೇರೆಲ್ಲ ಕಾರಿನ ಮೇಲೂ ಬೆರಳಿನ ಗುರುತು ಎದ್ದಿತ್ತು. ನಾನು ನಮ್ಮ ಕಾರಿನ ಸುತ್ತ ಓಡಾಡುತ್ತ "ಮುಟ್ಟಬೇಡಿ, ಮುಟ್ಟಬೇಡಿ" ಎಂದು ಬೇಡಿಕೊಳ್ಳುತ್ತಿದ್ದೆ. ಮಾಸ್ತರು ಕಿಟಕಿಗಳನ್ನೆಲ್ಲ ಇಳಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಸ್ಟೇರಿಂಗಿನ ಹಿಂದೆ ಕೂತಿದ್ದರು.

ಹತ್ತು ಗಂಟೆಗೆ ನಾಲ್ಕು ಜೇನುನೊಣ ಬಂದವು. ಹತ್ತೂವರೆಗೆ ನಲವತ್ತು. ಹುಬ್ಬಳ್ಳಿಯಿಂದ ಬಂದ ಪರೀಕ್ಷಕರು ನಮ್ಮ ಸಾಲಿಗೆ ಕಾಲಿಡುವ ಹೊತ್ತಿಗೆ ಆಕಾಶದಲ್ಲಿ ಗುಂಯ್ ಎಂಬ ಸದ್ದಾಯಿತು. ತಲೆಯೆತ್ತಿದರೆ ಒಂದು ಇಡೀ ಹಿಂಡು! ಮೈದಾನದ ಮೇಲೊಂದು ಸುತ್ತು ಹೊಡೆದು, ಬೇರೆ ಎಲ್ಲ ಕಾರು ಬಿಟ್ಟು, ಸೀದಾ ನಮ್ಮ ಕಾರಿನ ಕಿಟಕಿಯಿಂದ ಒಳಗೆ ಹೋಯಿತು.

ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಪರೀಕ್ಷಕರು ಎಲ್ಲರಿಗಿಂತ ಮುಂದಿದ್ದರು. ನಾನೊಬ್ಬನೇ ಕಾರಿನ ಪಕ್ಕ ನಿಂತಿದ್ದೆ. ಓಡಲು ಕಾಲೇ ಏಳಲಿಲ್ಲ. ಎಂಥ ಧೈರ್ಯದ ಮನುಷ್ಯ ಎಂದು ಆಮೇಲೆ ನಾಲ್ಕು ಜನ ಕೈ ಕುಲುಕಿದರು.

ಒಳಗೆ ಮಾಸ್ತರ ಮೂಗಿಗೆ ಒಂದು ಗೇಣು ದೂರದಲ್ಲಿ, ಕನ್ನಡಿಯಿಂದ ಹಲಸಿನಕಾಯಿಯಷ್ಟು ದೊಡ್ಡದಾಗಿ ಹಿಂಡು ಜೋತುಬಿದ್ದಿತ್ತು. ಪ್ರದರ್ಶನ ನೋಡಲು ಬಂದಿದ್ದ ಪಕ್ಕದ ಮನೆ ಹೆಗಡೇರು ಓಡಿಬಂದು ಬಾಗಿಲನ್ನು ಮೂಸಿ ನೋಡಿದರು.

"ಆ ಮೇಣ ಇದಕ್ಕೆ ತಿಕ್ಕಿದ್ಯನಾ!" ಎಂದರು. "ಅದು ಖಾಲಿ ಪೆಟ್ಟಿಗೆಗೆ ತಿಕ್ಕೂ ಮೇಣ. ಅದರ ವಾಸನೆಗೇ ಹಿಂಡು ಬಂದು ಕೂರೂದು. ನೀನು ಜೇನು ಸಾಕಲೆ ಹೊರಟಿದ್ದೆ ಹೇಳಿ ತಿಳ್ಕಂಡಿದ್ದೆ ಆನು."

ಮಾಸ್ತರು ತುಟಿ ಅಲ್ಲಾಡಿಸದೆ ಕೇಳಿದರು, "ಈಗ ಎಂತ ಮಾಡವು?"

"ಎಂತೂ ಮಾಡಡಿ ಮಾಸ್ತರೆ. ಪೆಟ್ಟಿಗೆ ತಗಂಡು ಬತ್ತೆ. ಅಲ್ಲಿವರೆಗೆ ಕೈ ಕಟ್ಕಂಡು ಸುಮ್ನೆ ಕೂತಿರಿ. ಅಲ್ಲಾಡಿದ್ರೆ..." ಎಂದವರೇ ಹೆಗಡೇರು ಬೈಕು ಹತ್ತಿ ಹೋದರು.

ಮಾಸ್ತರು ಕೈ ಕಟ್ಟಿ ಕೂತರು. ಮುಕ್ಕಾಲು ಗಂಟೆ. ಮೈದಾನದ ಅರ್ಧಕ್ಕರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ದೂರದಲ್ಲಿ ನಿಂತು ಎಲ್ಲರೂ ನೋಡಿದರು, ಒಬ್ಬರೂ ನಗಲಿಲ್ಲ.

ಹೆಗಡೇರು ಪೆಟ್ಟಿಗೆ ತಂದು, ರಾಣಿಯನ್ನು ಹುಡುಕಿ ಮೆಲ್ಲಗೆ ಅದರೊಳಗೆ ಬಿಟ್ಟರು. ಉಳಿದವು ಅದರ ಹಿಂದೆಯೇ ಇಳಿದವು. ಮಾಸ್ತರಿಗೆ ಒಂದೂ ಕಚ್ಚಿರಲಿಲ್ಲ. ಪರೀಕ್ಷಕರು ವಾಪಸು ಬಂದು ಸಾಲನ್ನೆಲ್ಲ ನೋಡಿದರೆ, ಒಂದು ಬೆರಳೂ ಬೀಳದ ಕಾರು ಇಡೀ ಮೈದಾನದಲ್ಲಿ ನಮ್ಮದೊಂದೇ. ಬಹುಮಾನ ಬಂತು.

ಮಾಸ್ತರು ಬಹುಮಾನದ ಕಪ್ಪು ಹಿಡಿದುಕೊಂಡು ಸೀದಾ ನನ್ನ ಬಳಿ ಬಂದರು. ಹಣೆಯ ಮೇಲೆ ಬೆವರು ಇನ್ನೂ ಆರಿರಲಿಲ್ಲ. ಪುಸ್ತಕದ ಕನ್ನಡ ಶುರುವಾಯಿತು.

"ಇನ್ನು ಮುಂದೆ ನನ್ನನ್ನು ಕೇಳದೆ ಈ ಬಣ್ಣದ ಮೇಲೆ ಏನನ್ನಾದರೂ ಹಚ್ಚಿದರೆ..."

ನಿಲ್ಲಿಸಿದರು. ಕನ್ನಡಕದ ಮೇಲಿಂದ ನೋಡಿದರು. ಹದಿನೈದು ದಿನ ಹೆದರಿ ಹೆದರಿ ನನ್ನಲ್ಲಿದ್ದ ಹೆದರಿಕೆಯೆಲ್ಲ ಅವತ್ತು ಖರ್ಚಾಗಿತ್ತೋ ಏನೋ, ಕೈ ಕಟ್ಟಿಕೊಂಡೇ ಕೇಳಿಬಿಟ್ಟೆ.

"ಹಚ್ಚಿದರೆ ಎಂತ ಸರ್?"

ಮಾಸ್ತರು ಕಪ್ಪನ್ನು ಕಂಕುಳಿಗೆ ಸೇರಿಸಿದರು. ಸುತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

"ನಂಗೂ ಗೊತ್ತಿಲ್ಲೆ ತಮಾ. ಅಷ್ಟು ವರ್ಷ ಮಾಸ್ತರಿಕೆ ಮಾಡ್ದೆ, ಒಬ್ನೂ ಕೇಳಿದ್ನಿಲ್ಲೆ."