ಗರ್ಭಿಣಿಯರಿಲ್ಲದ ಗರ್ಭಿಣಿಯರ ಗುಂಪು

ಹೊಸದಾಗಿ ಮೊಬೈಲ್ ಕಲಿತವರಿಂದ ನಾಲ್ಕು ಮಾರು ದೂರ ಇರುವುದು ಒಳ್ಳೆಯದು. ಹಾಗೆ ಕಲಿತವರಲ್ಲಿ ನಾನೂ ಒಬ್ಬಳಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಗೋವಿಂದರಾಜನಗರದ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಗರ್ಭಿಣಿಯರಿಗೆ ಲಸಿಕೆಯ ವಿಷಯವನ್ನು ಮೊಬೈಲಿನಲ್ಲೇ ತಿಳಿಸಿ ಎಂದು ಮೇಲಿನವರು ಹೇಳಿದ್ದೇ ತಡ, ತಾಯಿ ಕಾರ್ಡುಗಳಲ್ಲಿದ್ದ ನಂಬರುಗಳನ್ನೆಲ್ಲ ಸೇರಿಸಿ ವಾಟ್ಸ್ಯಾಪ್ ಗುಂಪು ಕಟ್ಟಿದೆ. ಚಿತ್ರಗಳಿಗೆ ನನ್ನ ದನಿ ಜೋಡಿಸಿ ವಿಡಿಯೋ ಮಾಡಿದೆ. ಮನೆಯಲ್ಲಿ ಫ್ಯಾನ್ ಆರಿಸಿ, ಕೆಮ್ಮಬಾರದೆಂದು ಯಜಮಾನರಿಗೆ ತಾಕೀತು ಮಾಡಿ, "ಹೆದರಬೇಡಿ ತಾಯಿ, ಏನೇ ಸಂದೇಹವಿದ್ದರೂ ನನ್ನನ್ನು ಕೇಳಿ" ಎಂದು ಏಳೆಂಟು ಸಲ ರೆಕಾರ್ಡ್ ಮಾಡಿದೆ. ಕೇಳಿದ ಯಜಮಾನರು, "ಯಾರೇ ಇದು?" ಎಂದರು. ನಾನು ವಿಡಿಯೋವನ್ನು ಗುಂಪಿಗೆ ಕಳಿಸಿದೆ.

ಗುಂಪು ಜೋರಾಗಿ ನಡೆಯಿತು. "ಓಕೆ ಸಿಸ್ಟರ್, ಡ್ಯೂಟೀಲಿದೀನಿ, ಆಮೇಲೆ ನೋಡ್ತೀನಿ" ಎಂದು ಒಬ್ಬ ಗರ್ಭಿಣಿ ಬರೆದಾಗಲೂ ನನಗೆ ಅನುಮಾನ ಬರಲಿಲ್ಲ. ಇನ್ನೊಬ್ಬ ಗರ್ಭಿಣಿಯ ಪ್ರೊಫೈಲ್ ಚಿತ್ರದಲ್ಲಿ ದಪ್ಪ ಮೀಸೆ ಕಂಡ ಮೇಲೆ ಕಾರ್ಡುಗಳನ್ನು ತೆಗೆದು ನೋಡಿದೆ. ಅಷ್ಟೂ ನಂಬರು ಗಂಡಂದಿರದು. ಗುಂಪಿನಲ್ಲಿ ಗರ್ಭಿಣಿ ಎಂಬವಳು ಒಬ್ಬಳೂ ಇರಲಿಲ್ಲ.

ಇವರಲ್ಲೆಲ್ಲ ಶ್ರದ್ಧಾವಂತ ಎಂದರೆ ಮಲ್ಲಪ್ಪ. ವಿಜಯಪುರದ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಕೆಲಸ. ಟಿಟಿ ಇಂಜೆಕ್ಷನ್ ಬಗ್ಗೆ ಅವನಿಗೆ ತಿಳಿಯದ್ದೇ ಇರಲಿಲ್ಲ. ಅವನ ಹೆಂಡತಿ ಗೌರವ್ವನಿಗೆ ಮಾತ್ರ ಏಳು ತಿಂಗಳು ತುಂಬಿದ್ದರೂ ಎರಡನೆಯ ಡೋಸ್ ಆಗಿರಲಿಲ್ಲ. ಮೊದಲನೆಯದಾದ ಮೇಲೆ ಅವಳು ಈ ಕಡೆ ತಲೆ ಹಾಕಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಫೋನ್ ಮಾಡಿ, "ನೀನು ನೋಡಿದ್ದು ಸಾಕಪ್ಪ, ಅವಳಿಗೆ ತೋರಿಸು" ಎಂದೆ.

ಮುಂದಿನ ಗುರುವಾರ ಗೌರವ್ವ ಬಂದಳು. ನಾನು ಪರದೆಯ ಹಿಂದೆ ಸಿರಿಂಜ್ ಜೋಡಿಸುತ್ತಿದ್ದೆ. ಹೊರಗೆ ಆಯಾಳನ್ನು ಅವಳು ಕೇಳುತ್ತಿದ್ದುದು ಕೇಳಿಸಿತು. "ವಿಡಿಯೋದಾಗ ಮಾತಾಡ್ತಾರಲ್ರೀ, ಆ ಸಿಸ್ಟರ್ ಅದಾರೇನ್ರೀ? ಅವರಿದ್ರಷ್ಟ ಹಾಕಿಸ್ಕೋತೀನಿ. ಹೋದ ಸಲ ಮಾಸ್ಕ್ ಹಾಕ್ಕೊಂಡ ಒಬ್ಬಾಕಿ ಇದ್ಲು. ಕೂಸಿಗೆ ಏನರ ಆಗ್ತದೇನ್ರೀ ಅಂತ ಕೇಳಿದ್ದಕ್ಕ, ಡಾಕ್ಟ್ರಿಗಿಂತ ಜಾಸ್ತಿ ಗೊತ್ತಾ ನಿಂಗೆ, ಕೈ ಚಾಚು ಅಂದ್ಲು."

ಇಡೀ ಕೇಂದ್ರದಲ್ಲಿ ಮಾಸ್ಕ್ ಹಾಕುವವಳು ನಾನೊಬ್ಬಳೇ. ಅದನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಫ್ಯಾನ್ ಆರಿಸಿದಾಗಿನ ದನಿಯಲ್ಲಿ "ಬಾ ತಾಯಿ" ಎಂದೆ. ಆಯಾ ಬಾಯಿ ತೆರೆದು ನನ್ನನ್ನೇ ನೋಡಿದಳು. ಗೌರವ್ವ ದನಿ ಗುರುತು ಹಿಡಿದು ನಕ್ಕಳು. ಮತ್ತೆ ಅದೇ ಪ್ರಶ್ನೆ ಕೇಳಿದಳು. ಕೂಸಿಗೆ ಏನೂ ಆಗುವುದಿಲ್ಲ, ತಾಯಿಗೂ ಕೂಸಿಗೂ ಧನುರ್ವಾಯು ಬಾರದಿರಲೆಂದೇ ಇದು, ನಿನ್ನ ತೋಳು ಒಂದೆರಡು ದಿನ ನೋಯಬಹುದು ಅಷ್ಟೆ ಎಂದೆ. ಇಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವಳು ತಾನಾಗಿಯೇ ತೋಳು ಚಾಚಿದಳು.

ಹೊರಡುವಾಗ ಹತ್ತಿರ ಬಂದು ದನಿ ತಗ್ಗಿಸಿದಳು. "ನೀವು ಬಾಳ ಚಲೋ ಅದೀರಿ. ಆ ಇನ್ನೊಬ್ಬಾಕಿ ಸಿಸ್ಟರ್‌ನ ಎಲ್ಲಿಗರ ವರ್ಗ ಮಾಡಿಸಿಬಿಡ್ರೀ."

"ನೋಡ್ತೀನಮ್ಮ," ಎಂದೆ. "ಅವಳು ಅಷ್ಟು ಸುಲಭಕ್ಕೆ ಹೋಗೋಳಲ್ಲ."